ನುಣುಪು ಬಾಳಿಕೆಯಲ್ಲ

ಲೋಹದ ಪುಡಿಯನ್ನು ಲೇಸರ್ ಕಿರಣದಿಂದ ಕರಗಿಸಿ ಪದರದ ಮೇಲೆ ಪದರವಾಗಿ ಭಾಗಗಳನ್ನು ಕಟ್ಟುವ ವಿಧಾನ, ಅಂದರೆ ಆಡುಮಾತಿನಲ್ಲಿ ಲೋಹದ ತ್ರೀಡಿ ಮುದ್ರಣವೆನಿಸಿಕೊಂಡಿರುವ ತಯಾರಿಕೆ, ಬೆಂಗಳೂರಿನ ಕಾರ್ಖಾನೆಗಳಲ್ಲಿ ನೆಲೆಯೂರಿದಂತೆಲ್ಲ ಅದರ ಬೆನ್ನಿಗೇ ಒಂದು ನಂಬಿಕೆಯೂ ಬೇರುಬಿಟ್ಟಿದೆ. ಮುದ್ರಿತ ಭಾಗದ ಮೈ ಒರಟಾಗಿರುತ್ತದೆ, ಒರಟು ಮೈಯಿಂದ ಬಿರುಕು ಹುಟ್ಟುತ್ತದೆ, ಆದ್ದರಿಂದ ಭಾಗವನ್ನು ಉಜ್ಜಿಯೋ ಆಮ್ಲದಲ್ಲಿ ಅದ್ದಿಯೋ ಉಕ್ಕಿನ ಗುಂಡುಗಳಿಂದ ಬಡಿದೋ ನುಣುಪುಗೊಳಿಸಿ, ಒರಟುತನದ ಅಂಕಿ ಇಳಿದಿರುವುದನ್ನು ಅಳೆದು ತೋರಿಸಿಬಿಟ್ಟರೆ ಬಾಳಿಕೆಯ ಪ್ರಶ್ನೆ ಬಗೆಹರಿದಂತೆ ಎಂಬುದೇ ಆ ನಂಬಿಕೆ. ಮಾರಾಟದ ಕೈಪಿಡಿಗಳಲ್ಲಿ, ವಿಚಾರಸಂಕಿರಣಗಳಲ್ಲಿ, ಎಂಜಿನಿಯರಿಂಗ್ ಕಾಲೇಜುಗಳ ಪ್ರಾಜೆಕ್ಟ್ ವರದಿಗಳಲ್ಲಿ ಇದು ಸಾಬೀತಾದ ಸತ್ಯವೆಂಬಂತೆ ಮರುಕಳಿಸುತ್ತದೆ. ಅದು ಅರ್ಧ ಸತ್ಯ. ಉಳಿದರ್ಧದಲ್ಲಿರುವ ತಪ್ಪು ಲೋಹ ಮುರಿಯುವ ದಿನದವರೆಗೂ ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಅದನ್ನು ಈಗಲೇ ಬಿಡಿಸಿ ನೋಡಬೇಕಾಗಿದೆ.

ಈ ನಂಬಿಕೆಗೆ ಇತ್ತೀಚೆಗೆ ಬಲ ತಂದುಕೊಟ್ಟದ್ದು ಒಂದು ನಿಜವಾದ ಸಾಧನೆ. ಪಿಎಸ್‌ಎಲ್‌ವಿ ರಾಕೆಟ್ಟಿನ ನಾಲ್ಕನೇ ಹಂತದ ಪಿಎಸ್-4 ಎಂಜಿನ್ನನ್ನು ಇಸ್ರೋ ಮುದ್ರಣಕ್ಕೆ ಹೊಂದುವಂತೆ ಮರುವಿನ್ಯಾಸ ಮಾಡಿತು, ಬೆಂಗಳೂರಿನ ವಿಪ್ರೋ ತ್ರೀಡಿ ಅದನ್ನು ಮುದ್ರಿಸಿಕೊಟ್ಟಿತು, ಮತ್ತು 2024ರ ಮೇ 9ರಂದು ಮಹೇಂದ್ರಗಿರಿಯಲ್ಲಿ ಅದು 665 ಸೆಕೆಂಡುಗಳ ಕಾಲ ಯಶಸ್ವಿಯಾಗಿ ಉರಿಯಿತು. 14 ಬಿಡಿಭಾಗಗಳು ಒಂದೇ ತುಂಡಾದವು, 19 ಬೆಸುಗೆಗಳು ಇಲ್ಲವಾದವು, ಒಂದು ಎಂಜಿನ್ನಿಗೆ 565 ಕಿಲೋಗ್ರಾಂ ಕಚ್ಚಾ ಲೋಹ ಬೇಕಾಗುತ್ತಿದ್ದಲ್ಲಿ 13.7 ಕಿಲೋಗ್ರಾಂ ಪುಡಿ ಸಾಕಾಯಿತು, ತಯಾರಿಕೆಯ ಸಮಯ ಶೇ. 60ರಷ್ಟು ಕಡಿಮೆಯಾಯಿತು. ಈ ಅಂಕಿಗಳನ್ನು ಯಾರೂ ಅಲ್ಲಗಳೆಯಬೇಕಾಗಿಲ್ಲ. ಆದರೆ ಪಿಎಸ್-4 ಒಂದು ಹಾರಾಟದಲ್ಲಿ ಕೆಲಸ ಮುಗಿಸುವ ಎಂಜಿನ್. ಅದು ಮರಳಿ ಬರುವುದಿಲ್ಲ, ಎರಡನೇ ಹಾರಾಟದ ಹೊರೆ ಹೊರುವುದಿಲ್ಲ. ಅದರ ಗೆಲುವನ್ನು ಮುಂದೆ ಮಾಡಿ, ಮತ್ತೆ ಮತ್ತೆ ಹಾರಿ ಇಳಿಯಬೇಕಾದ ವಾಹನದ ಭಾಗಗಳಿಗೂ ಮುದ್ರಿಸಿ ನುಣುಪುಗೊಳಿಸುವುದಷ್ಟೇ ಸಾಕೆನ್ನುವುದು ಒಂದು ಪರೀಕ್ಷೆಯ ಫಲಿತಾಂಶವನ್ನು ಬೇರೊಂದು ಪ್ರಶ್ನೆಗೆ ಉತ್ತರವಾಗಿ ಕೊಟ್ಟಂತೆ.

ಮತ್ತೆ ಮತ್ತೆ ಹಾರಿ ಇಳಿಯುವ ವಾಹನಗಳ ಪರೀಕ್ಷೆಯ ನೆಲ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿಯೇ ಇದೆ. ಈ ತಾಲ್ಲೂಕಿನಲ್ಲಿ, ಅಮೃತಮಹಲ್ ಕಾವಲಿನ ಹುಲ್ಲುಗಾವಲಿನ ಸುಮಾರು 10,000 ಎಕರೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳ ಪಾಲಾಗಿದ್ದು, ಅದರಲ್ಲಿ ವರವು ಕಾವಲಿನ ವೈಮಾನಿಕ ಪರೀಕ್ಷಾ ವಲಯ 2017ರ ಮೇ 28ರಂದು ಉದ್ಘಾಟನೆಗೊಂಡಿತು. ಇಸ್ರೋದ ಪುನರ್ಬಳಕೆಯ ಉಡಾವಣಾ ವಾಹನದ ಮೂರು ಇಳಿಕೆಯ ಪ್ರಯೋಗಗಳು 2023ರ ಏಪ್ರಿಲ್ 2, 2024ರ ಮಾರ್ಚ್ 22 ಮತ್ತು ಜೂನ್ 23ರಂದು ಇಲ್ಲಿಯೇ ನಡೆದವು. ಮೂರನೆಯದರಲ್ಲಿ ಎರಡನೆಯ ಪ್ರಯೋಗದ ರೆಕ್ಕೆಯುಳ್ಳ ಒಡಲನ್ನೇ ಬದಲಾವಣೆಯಿಲ್ಲದೆ ಮತ್ತೆ ಬಳಸಲಾಯಿತು, ಮತ್ತು ಅದು ಗಂಟೆಗೆ 320 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ನೆಲ ಮುಟ್ಟಿತು. ಒಂದೇ ಒಡಲು, ಎರಡು ಇಳಿಕೆ: ಲೋಹದ ದಣಿವಿನ ಪ್ರಶ್ನೆ ಹುಟ್ಟುವುದು ಇಲ್ಲಿ. ಇದೇ ಜಿಲ್ಲೆಯಲ್ಲಿ, 2019ರ ಸೆಪ್ಟೆಂಬರ್ 17ರಂದು ಜೋಡಿಚಿಕ್ಕೇನಹಳ್ಳಿಯ ಬಳಿ, 2023ರ ಆಗಸ್ಟ್ 20ರಂದು ಹಿರಿಯೂರು ತಾಲ್ಲೂಕಿನ ವದ್ದೀಕೆರೆಯ ಬಳಿ ಪರೀಕ್ಷಾ ಹಾರಾಟದ ಚಾಲಕರಹಿತ ವಿಮಾನಗಳು ರೈತರ ಜಮೀನಿನಲ್ಲಿ ಬಿದ್ದಿದ್ದವು. ಆ ಅವಘಡಗಳಿಗೂ ಮುದ್ರಿತ ಭಾಗಗಳಿಗೂ ನಂಟು ಕಲ್ಪಿಸುವುದು ಈ ಲೇಖನದ ಉದ್ದೇಶವಲ್ಲ. ಆಕಾಶದಲ್ಲಿ ತಪ್ಪಿದ್ದು ಯಾರ ಹೊಲಕ್ಕೆ ಬೀಳುತ್ತದೆ ಎಂಬುದನ್ನಷ್ಟೇ ಅವು ತಿಳಿಸುತ್ತವೆ.

ದಣಿವು ಎಂದರೇನು ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ಒಂದೇ ಬಾರಿ ಎಳೆದರೆ ಮುರಿಯದ ಲೋಹ, ಅದಕ್ಕಿಂತ ಎಷ್ಟೋ ಕಡಿಮೆಯ ಹೊರೆಯನ್ನು ಲಕ್ಷಾಂತರ ಬಾರಿ ಏರಿಸಿ ಇಳಿಸಿದಾಗ ಮುರಿಯುತ್ತದೆ. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಜರ್ಮನಿಯ ಆಗಸ್ಟ್ ವ್ಯೋಲರ್ ರೈಲಿನ ಅಚ್ಚುಗಳ ಮೇಲೆ ಪ್ರಯೋಗ ನಡೆಸಿ ಇದನ್ನು ವ್ಯವಸ್ಥಿತವಾಗಿ ತೋರಿಸಿದ. ಒಳ್ಳೆಯ ಮೈಯುಳ್ಳ ಭಾಗದಲ್ಲಿ ಆಯುಷ್ಯದ ಬಹುಪಾಲು ಬಿರುಕು ಹುಟ್ಟುವುದಕ್ಕೇ ಸವೆಯುತ್ತದೆ, ಹುಟ್ಟಿದ ಬಿರುಕು ಬೆಳೆದು ಮುರಿಯಲು ಉಳಿದ ಅಲ್ಪಭಾಗ ಸಾಕು. ಮೈಯಲ್ಲಿ ಆಗಲೇ ಬಿರುಕಿನಂತಹ ಕಚ್ಚು ಇದ್ದರೆ ಆ ಮೊದಲ ದೊಡ್ಡ ಅವಧಿ ಇಲ್ಲವಾಗುತ್ತದೆ. ವಿಮಾನ ಮತ್ತು ರಾಕೆಟ್ಟುಗಳಲ್ಲಿ ಹೆಚ್ಚಾಗಿ ಬಳಕೆಯಾಗುವ, ಶೇ. 6 ಅಲ್ಯೂಮಿನಿಯಂ ಮತ್ತು ಶೇ. 4 ವನೇಡಿಯಂ ಬೆರೆತ ಟೈಟೇನಿಯಂ ಮಿಶ್ರಲೋಹವನ್ನೇ ತೆಗೆದುಕೊಂಡರೆ, ಮುದ್ರಿಸಿದಾಗ ಅದರ ಎಳೆತದ ಬಲ ಬಡಿದು ತಯಾರಿಸಿದ ಲೋಹಕ್ಕೆ ಸಮನಾಗಿ, ಹಲವು ಬಾರಿ ಅದಕ್ಕೂ ಮಿಗಿಲಾಗಿ ಇರುತ್ತದೆ. ಆದರೆ ಒಂದು ಕೋಟಿ ಆವರ್ತನಗಳನ್ನು ತಾಳುವ ಮಟ್ಟ ಬಡಿದು, ಲೇತಿನಲ್ಲಿ ತಿರುವಿ ನಯಗೊಳಿಸಿದ ಲೋಹದಲ್ಲಿ 500ರಿಂದ 600 ಮೆಗಾಪ್ಯಾಸ್ಕಲ್ ಇದ್ದರೆ, ಯಂತ್ರದಿಂದ ತೆಗೆದ ಹಾಗೆಯೇ ಬಿಟ್ಟ ಮುದ್ರಿತ ಲೋಹದಲ್ಲಿ ಅದು ಸಾಮಾನ್ಯವಾಗಿ ಅದರ ಅರ್ಧವನ್ನೂ ಮುಟ್ಟುವುದಿಲ್ಲ. ಎಳೆತದ ಪರೀಕ್ಷೆಯ ವರದಿಯನ್ನು ಮುಂದಿಟ್ಟು ಭಾಗ ಗಟ್ಟಿಯಿದೆಯೆನ್ನುವವರು ಈ ಎರಡು ಅಂಕಿಗಳ ನಡುವಿನ ಅಂತರಕ್ಕೆ ಉತ್ತರ ಹೇಳಬೇಕು.

ಅಂತರಕ್ಕೆ ಕಾರಣ ಭಾಗದ ಮೈಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಾಣುತ್ತದೆ. 15ರಿಂದ 45 ಮೈಕ್ರಾನ್ ವ್ಯಾಸದ ಪುಡಿಕಣಗಳನ್ನು (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) 30ರಿಂದ 60 ಮೈಕ್ರಾನ್ ದಪ್ಪದ ಪದರಗಳಾಗಿ ಹರಡಿ ಕರಗಿಸುವುದರಿಂದ, 30 ಸೆಂಟಿಮೀಟರ್ ಎತ್ತರದ ಭಾಗಕ್ಕೆ 40 ಮೈಕ್ರಾನಿನಂತೆ 7,500 ಪದರಗಳಾಗುತ್ತವೆ, ಮತ್ತು ಪ್ರತಿ ಎರಡು ಪದರಗಳ ನಡುವೆ ಹೊರಮೈಯಲ್ಲಿ ಒಂದು ಸಣ್ಣ ಸಂದು ಉಳಿಯುತ್ತದೆ. ಅರೆಬರೆ ಕರಗಿದ ಕಣಗಳು ಗೋಲಿಗಳಂತೆಯೇ ಮೈಗೆ ಅಂಟಿಕೊಂಡಿರುತ್ತವೆ. ಕೆಳಮುಖವಾಗಿ ಚಾಚಿದ ಭಾಗಗಳ ತಳಮೈಯಲ್ಲಿ, ಕರಗಿದ ಲೋಹ ಸಡಿಲ ಪುಡಿಯ ಮೇಲೆಯೇ ನಿಂತು ಆರುವುದರಿಂದ, ಒರಟು ಎದ್ದುಕಾಣುವಷ್ಟು ಹೆಚ್ಚು. ಕಣಗಳು ಮೈಗೆ ಸೇರುವ ಬುಡದಲ್ಲಿ ಕಿರಿದಾದ, ತುದಿ ಮೊನಚಾದ ಕಣಿವೆಗಳು ಒಳಹೊಕ್ಕಿರುತ್ತವೆ. ಬಿರುಕು ಹುಟ್ಟುವುದು ಗೋಲಿಯ ನೆತ್ತಿಯಲ್ಲಲ್ಲ, ಆ ಕಣಿವೆಯ ತಳದಲ್ಲಿ.

ಹೀಗಿದ್ದೂ ಭಾಗಗಳ ಯೋಗ್ಯತೆಯನ್ನು ನಿರ್ಧರಿಸುವುದು ಸರಾಸರಿ ಒರಟುತನವೆಂಬ ಒಂದೇ ಅಂಕಿಯಿಂದ, ಅಂದರೆ ಮೈಯ ಏರಿಳಿತಗಳನ್ನೆಲ್ಲ ಕೂಡಿ ಹಂಚಿ ಬಂದ ಸರಾಸರಿ ಎತ್ತರದಿಂದ. ಪಾಳುಬಿದ್ದ, ಬಾಯಿ ಮುಚ್ಚದ ಒಂದು ಕೊಳವೆಬಾವಿಯಿರುವ ಹೊಲದ ನೆಲ ಸರಾಸರಿಯಲ್ಲಿ ಸಮತಟ್ಟಾಗಿದೆಯೆಂದು ಅಳತೆಯ ಚೀಟಿ ಬರೆದುಕೊಡುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಅಂಟಿದ ಗೋಲಿಗಳನ್ನು ತರಿದುಹಾಕಿದರೆ ಸರಾಸರಿ 12 ಮೈಕ್ರಾನಿನಿಂದ 3ಕ್ಕೆ ಇಳಿಯಬಹುದು, ಕಣಿವೆ ಇದ್ದಲ್ಲೇ ಇರುತ್ತದೆ. ಕಲ್ಲುಚೂರುಗಳ ಜೊತೆ ಭಾಗವನ್ನು ತೊಟ್ಟಿಯಲ್ಲಿ ಕುಲುಕಿ ನಯಗೊಳಿಸುವ ವಿಧಾನದಲ್ಲಿ ಆಗುವುದು ಬಹುಮಟ್ಟಿಗೆ ಇದೇ: ಅಂಚುಗಳು ದುಂಡಗಾಗುತ್ತವೆ, ಮೈ ಹೊಳೆಯುತ್ತದೆ, ಆದರೆ ಚೂರುಗಳಿಗಿಂತ ಕಿರಿದಾದ ಸಂದುಗಳೊಳಗೆ ಏನೂ ನಡೆಯುವುದಿಲ್ಲ.

ಜಪಾನಿನ ಯುಕಿತಾಕ ಮುರಕಾಮಿ ಉಕ್ಕುಗಳ ಮೇಲಿನ ದೀರ್ಘ ಅಧ್ಯಯನದಿಂದ ಕೊಟ್ಟ ಸೂತ್ರ ಈ ವಿಷಯದಲ್ಲಿ ಎಲ್ಲಕ್ಕಿಂತ ಉಪಯುಕ್ತವಾಗಿದೆ. ಸಣ್ಣ ದೋಷವೊಂದನ್ನು ಎಳೆತದ ದಿಕ್ಕಿಗೆ ಅಡ್ಡಲಾಗಿ ನೋಡಿದಾಗ ಕಾಣುವ ವಿಸ್ತೀರ್ಣದ ವರ್ಗಮೂಲವನ್ನು ಆ ದೋಷದ ಗಾತ್ರವೆಂದು ಹಿಡಿದರೆ, ಲೋಹ ತಾಳುವ ದಣಿವಿನ ಮಿತಿ ಲೋಹದ ಗಡಸುತನದ ಜೊತೆ ಏರುತ್ತದೆ ಮತ್ತು ಆ ಗಾತ್ರದ ಆರನೇ ಮೂಲಕ್ಕೆ ವಿಲೋಮವಾಗಿ ಇಳಿಯುತ್ತದೆ ಎಂಬುದು ಅದರ ತಿರುಳು. ಮುದ್ರಿತ ಲೋಹಗಳ ಅಧ್ಯಯನಗಳಲ್ಲಿ ಈಗ ಅದು ವ್ಯಾಪಕವಾಗಿ ಬಳಕೆಯಲ್ಲಿದೆ. ಇದರ ಪ್ರಕಾರ ಅತ್ಯಂತ ದೊಡ್ಡ ದೋಷವನ್ನು 200 ಮೈಕ್ರಾನಿನಿಂದ 50ಕ್ಕೆ ಇಳಿಸಿದರೆ ಮಿತಿ ಸುಮಾರು ಕಾಲುಭಾಗ ಹೆಚ್ಚುತ್ತದೆ. ಉಳಿದ ಮೈಯನ್ನೆಲ್ಲ ಕನ್ನಡಿಯಂತೆ ತೊಡೆದು ಆ ಒಂದು ದೋಷವನ್ನು ಹಾಗೆಯೇ ಬಿಟ್ಟರೆ ಮಿತಿ ಕದಲುವುದಿಲ್ಲ. ಸರಾಸರಿಗೆ ಈ ಸೂತ್ರದಲ್ಲಿ ಸ್ಥಾನವೇ ಇಲ್ಲ. ಒಂದೇ ಗಾತ್ರದ ದೋಷ ಒಳಗಿರುವುದಕ್ಕಿಂತ ಮೈಯಲ್ಲಿದ್ದಾಗ ಅದರ ಅಂಚಿನ ಒತ್ತಡದ ತೀವ್ರತೆ ಶೇ. 30ರಷ್ಟು ಹೆಚ್ಚು ಎಂಬುದನ್ನೂ ಮುರಕಾಮಿಯ ಲೆಕ್ಕ ತೋರಿಸುತ್ತದೆ.

ಈ ಕೊನೆಯ ಮಾತಿನಿಂದ, ಒರಟು ಮೈಯನ್ನು ಲೇತಿನಲ್ಲಿಯೋ ಮಿಲ್ಲಿಂಗ್ ಯಂತ್ರದಲ್ಲಿಯೋ ಪೂರ್ತಿ ತೆಗೆದುಬಿಟ್ಟರೆ ಆಯಿತಲ್ಲ ಎನ್ನುವವರಿಗೂ ಉತ್ತರ ಸಿಗುತ್ತದೆ. ಮುದ್ರಣಯಂತ್ರ ಪ್ರತಿ ಪದರದ ಹೊರಗೆರೆಯನ್ನು ಒಂದು ವೇಗದಲ್ಲಿ, ಒಳಭಾಗವನ್ನು ಇನ್ನೊಂದು ವೇಗದಲ್ಲಿ ಕರಗಿಸುತ್ತದೆ, ಮತ್ತು ಇವೆರಡೂ ಕೂಡುವ ಗಡಿಯಲ್ಲಿ, ಮೈಯಿಂದ ಮಿಲಿಮೀಟರಿನ ಒಂದೆರಡು ದಶಾಂಶದಷ್ಟು ಒಳಗೆ, ಸಣ್ಣ ಪೊಳ್ಳುಗಳ ಸಾಲು ಉಳಿದಿರುವುದು ಅಪರೂಪವಲ್ಲ. ಅಷ್ಟೇ ಆಳಕ್ಕೆ ಲೋಹ ತೆಗೆದು ನಿಲ್ಲಿಸಿದಲ್ಲಿ ಒಳಗೆ ಮುಚ್ಚಿಕೊಂಡಿದ್ದ ಪೊಳ್ಳುಗಳು ಮೈಗೆ ಬಂದು ಬಾಯಿ ತೆರೆಯುತ್ತವೆ. ಭಾಗ ಮೊದಲಿಗಿಂತ ನುಣುಪಾಗಿದ್ದರೂ ಅದರಿಂದ ನಿರೀಕ್ಷಿಸಿದ ಬಾಳಿಕೆ ಸಿಗುವುದಿಲ್ಲ. ಎಷ್ಟು ಆಳ ತೆಗೆಯಬೇಕೆಂಬುದು ಮೈಯ ಅಳತೆಯಿಂದ ತಿಳಿಯುವಂಥದ್ದಲ್ಲ, ಪೊಳ್ಳುಗಳು ಎಲ್ಲಿವೆಯೆಂದು ಎಕ್ಸ್‌ರೇ ಟೊಮೋಗ್ರಫಿಯಲ್ಲಿ ನೋಡಿಯೋ ಭಾಗವನ್ನು ಕತ್ತರಿಸಿ ನೋಡಿಯೋ ತಿಳಿಯಬೇಕು. ಆಮ್ಲದಲ್ಲಿ ತೊಳೆಯುವ ವಿಧಾನಕ್ಕೂ ಈ ಮಾತು ಅನ್ವಯಿಸುತ್ತದೆ, ಜೊತೆಗೆ ಟೈಟೇನಿಯಂಗೆ ಬಳಸುವ ಹೈಡ್ರೋಫ್ಲೋರಿಕ್ ಆಮ್ಲ ಕೆಲಸಗಾರರಿಗೆ ಅತಿ ಅಪಾಯಕಾರಿಯಾದದ್ದು, ಹಿಡಿತ ತಪ್ಪಿದರೆ ಲೋಹಕ್ಕೆ ಹೈಡ್ರೋಜನ್ ಸೇರಿಸಿ ಅದನ್ನು ಪೆಡಸುಗೊಳಿಸುವಂಥದ್ದು.

ಗುಂಡುಗಳಿಂದ ಬಡಿಯುವ ಶಾಟ್ ಪೀನಿಂಗ್ ವಿಷಯದಲ್ಲಿ ತಪ್ಪು ನಂಬಿಕೆ ಇನ್ನೂ ಆಳವಾಗಿದೆ, ಏಕೆಂದರೆ ಇಲ್ಲಿ ಹಳೆಯ ಕೀರ್ತಿಯ ಬೆಂಬಲವಿದೆ. ಉಕ್ಕಿನ ಅಥವಾ ಸೆರಾಮಿಕ್ ಗುಂಡುಗಳನ್ನು ವೇಗವಾಗಿ ಚಿಮ್ಮಿಸಿ ಮೈಯನ್ನು ಬಡಿದಾಗ ಮೇಲ್ಪದರ ಹಿಗ್ಗಲು ಯತ್ನಿಸುತ್ತದೆ, ಕೆಳಗಿನ ಲೋಹ ಅದನ್ನು ತಡೆಯುತ್ತದೆ, ಹೀಗಾಗಿ ಮಿಲಿಮೀಟರಿನ ಒಂದರಿಂದ ಮೂರು ದಶಾಂಶದಷ್ಟು ಆಳದವರೆಗೆ ಬಿರುಕಿನ ಬಾಯಿಯನ್ನು ಮುಚ್ಚಿಹಿಡಿಯುವ ಅದುಮು ಒತ್ತಡ ಉಳಿಯುತ್ತದೆ. ಲಾರಿಗಳ ಪಟ್ಟಿಸ್ಪ್ರಿಂಗುಗಳು, ಗೇರುಗಳು, ವಿಮಾನದ ಬ್ಲೇಡುಗಳು ಇದರಿಂದ ಬಾಳಿಕೆ ಪಡೆದಿವೆ. ಮುದ್ರಿತ ಲೋಹಕ್ಕೂ ಇದು ಉಪಕಾರಿಯೇ. ಆದರೆ ಸ್ಪ್ರಿಂಗಿನ ಮೈ ಮೊದಲೇ ಸಮವಾಗಿರುತ್ತದೆ, ಮುದ್ರಿತ ಮೈ ಹಾಗಿರುವುದಿಲ್ಲ. ಒರಟು ಮೈಯ ಮೇಲೆ ನೇರವಾಗಿ ಬಡಿದಾಗ ಏರುಗಳು ಮಡಚಿ ಪಕ್ಕದ ಕಣಿವೆಯ ಮೇಲೆ ಬೀಳುತ್ತವೆ, ಕಣಿವೆ ಮುಚ್ಚಿದಂತೆ ಕಂಡರೂ ಮಡಿಕೆಯ ಅಡಿಯಲ್ಲಿ ಸೀಳಾಗಿ ಉಳಿಯುತ್ತದೆ. ಭಾಗವನ್ನು ಅಡ್ಡಲಾಗಿ ಕತ್ತರಿಸಿ ಪಾಲಿಶ್ ಮಾಡಿ ನೋಡಿದರೆ ನಾಲಿಗೆಯಾಕಾರದ ಆ ಮಡಿಕೆಗಳು ಸ್ಪಷ್ಟವಾಗಿ ಕಾಣುತ್ತವೆ; ಮೇಲಿನಿಂದ ಓಡಿಸುವ ಅಳತೆಯ ಮುಳ್ಳಿಗೆ ಅವು ಸಿಗುವುದಿಲ್ಲ. ಸೀಳು ಅದುಮು ಒತ್ತಡದ ಪದರಕ್ಕಿಂತ ಆಳವಾಗಿದ್ದರೆ ಅದರ ತುದಿಗೆ ರಕ್ಷಣೆಯಿಲ್ಲ.

ಪೀನಿಂಗ್ ಆದ ಭಾಗದ ಜೊತೆ ಬರುವ ಪ್ರಮಾಣಪತ್ರವನ್ನೂ ಗಮನವಿಟ್ಟು ಓದಬೇಕು. ಅದರಲ್ಲಿರುವ ಅಂಕಿ ಜನರಲ್ ಮೋಟರ್ಸ್‌ನ ಜಾನ್ ಆಲ್ಮೆನ್ ಹೆಸರಿನ ಪಟ್ಟಿಯದು: ತೆಳುವಾದ ಸ್ಪ್ರಿಂಗ್ ಉಕ್ಕಿನ ಪಟ್ಟಿಯೊಂದನ್ನು ಗುಂಡುಗಳ ಹೊಡೆತಕ್ಕೆ ಒಡ್ಡಿ, ಬಿಚ್ಚಿದಾಗ ಅದು ಎಷ್ಟು ಬಾಗಿದೆಯೆಂದು ಅಳೆದು ಹೊಡೆತದ ತೀವ್ರತೆಯನ್ನು ಹೇಳಲಾಗುತ್ತದೆ. ಹೊಡೆತದ ಯಂತ್ರ ಸರಿಯಾಗಿ ನಡೆಯುತ್ತಿದೆಯೇ ಎಂದು ತಿಳಿಯಲು ಇದು ಒಳ್ಳೆಯ ಸಾಧನ. ಮುದ್ರಿತ ಟೈಟೇನಿಯಂ ಭಾಗದ ತಳಮೈಯಲ್ಲಿ ಎಷ್ಟು ಒತ್ತಡ ಎಷ್ಟು ಆಳಕ್ಕೆ ನಿಂತಿದೆ ಎಂಬುದಕ್ಕೆ ಅದು ಸಾಕ್ಷಿಯಲ್ಲ. ಅದನ್ನು ಎಕ್ಸ್‌ರೇ ವಿವರ್ತನೆಯಿಂದ ಆ ಭಾಗದ ಮೇಲೆಯೇ ಅಳೆಯಬೇಕು.

ಲೇಸರ್ ಪೀನಿಂಗ್, ಅಂದರೆ ನೀರಿನ ತೆಳು ಪರದೆಯ ಕೆಳಗೆ ಲೇಸರ್‌ನ ಕ್ಷಣಿಕ ಸ್ಫೋಟದಿಂದ ಆಘಾತದ ಅಲೆಯನ್ನು ಲೋಹದೊಳಕ್ಕೆ ಕಳಿಸುವ ವಿಧಾನ, ಒಂದು ಮಿಲಿಮೀಟರ್ ಆಳಕ್ಕೂ ಮೀರಿ ಕೆಲಸ ಮಾಡಬಲ್ಲುದು. 1990ರ ದಶಕದಲ್ಲಿ ಅಮೆರಿಕದ ಬಿ-1 ಬಾಂಬರ್ ವಿಮಾನದ ಎಂಜಿನ್ ಬ್ಲೇಡುಗಳನ್ನು ಬಿರುಕಿನಿಂದ ಕಾಪಾಡಿದ್ದು ಇದೇ. ಆದರೆ ಇಲ್ಲಿಯೂ ಮರೆಯಲಾಗದ ಒಂದು ನಿಯಮವಿದೆ: ಮೈಯಲ್ಲಿ ಅದುಮು ಒತ್ತಡ ನಿಂತಿದೆಯೆಂದರೆ ಅದನ್ನು ಸರಿದೂಗಿಸುವ ಎಳೆತ ಒಳಗೆಲ್ಲೋ ಇರಲೇಬೇಕು. ಬಡಿದು ತಯಾರಿಸಿದ ಸ್ವಚ್ಛ ಲೋಹ ಆ ಎಳೆತವನ್ನು ಸಲೀಸಾಗಿ ತಾಳುತ್ತದೆ. ಮುದ್ರಿತ ಲೋಹದಲ್ಲಿ ಆ ಎಳೆತದ ವಲಯದಲ್ಲಿ ಪೊಳ್ಳೊಂದು ಕುಳಿತಿದ್ದರೆ ಬಿರುಕು ಮೈ ಬಿಟ್ಟು ಅಲ್ಲಿಂದ ಹೊರಡುತ್ತದೆ, ಮತ್ತು ಹೊರಗಿನ ತಪಾಸಣೆಗೆ ಬಹುಕಾಲ ಸಿಗುವುದಿಲ್ಲ. ಮುದ್ರಣದ ಹೆಮ್ಮೆಯಾದ ಒಂದೆರಡು ಮಿಲಿಮೀಟರ್ ದಪ್ಪದ ಗೋಡೆಗಳಲ್ಲಿ ಈ ಎಳೆತವನ್ನು ಹಂಚಿಕೊಳ್ಳಲು ಲೋಹವೇ ಸಾಲದು, ಗೋಡೆ ಸೊಟ್ಟಗಾಗುವುದೂ ಉಂಟು. ಇನ್ನು ಬಿಸಿಯಲ್ಲಿ ದುಡಿಯುವ ಭಾಗಗಳಲ್ಲಿ ಈ ಒತ್ತಡ ಕಾಲಕ್ರಮೇಣ ಸಡಿಲಗೊಳ್ಳುತ್ತದೆ, ಪೀನಿಂಗ್ ಆದ ಮೇಲೆ ಉಷ್ಣೋಪಚಾರ ಮಾಡಿದರೆ ಮಾಡಿದ ಕೆಲಸವೆಲ್ಲ ಅಳಿಸಿಹೋಗುತ್ತದೆ.

ಪೊಳ್ಳುಗಳ ಮಾತೆತ್ತಿದೊಡನೆ ಬರುವ ಉತ್ತರ ಬಿಸಿ ಸಮಒತ್ತಡದ ಸಂಸ್ಕರಣೆ, ಅಂದರೆ ಹಿಪ್. ಟೈಟೇನಿಯಂ ಭಾಗವನ್ನು ಸುಮಾರು 920 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಸಾವಿರ ವಾತಾವರಣಗಳ ಆರ್ಗಾನ್ ಒತ್ತಡದಲ್ಲಿ ಒಂದೆರಡು ಗಂಟೆ ಇಟ್ಟಾಗ ಒಳಗಿನ ಮುಚ್ಚಿದ ಪೊಳ್ಳುಗಳು ಕುಗ್ಗಿ ಕೂಡಿಕೊಳ್ಳುತ್ತವೆ. ಮೈಗೆ ಬಾಯಿಬಿಟ್ಟಿರುವ ಪೊಳ್ಳಿನೊಳಕ್ಕೆ ಅದೇ ಅನಿಲ ನುಗ್ಗುವುದರಿಂದ ಅದು ಮುಚ್ಚುವುದಿಲ್ಲ, ಒರಟು ಮೈ ಒರಟಾಗಿಯೇ ಉಳಿಯುತ್ತದೆ. ಹಿಪ್ ಆದ ಮೇಲೆ ಲೋಹ ತೆಗೆದು ನಯಗೊಳಿಸಿದ ಮಾದರಿಗಳು ಬಡಿದ ಲೋಹದ ಮಟ್ಟಕ್ಕೆ ಬರುತ್ತವೆ, ಹಿಪ್ ಮಾತ್ರ ಆದವು ಹೆಚ್ಚೇನೂ ಸುಧಾರಿಸುವುದಿಲ್ಲ. ಎಂದಮೇಲೆ ಯಾವ ಸಂಸ್ಕರಣೆಯೂ ತಾನೊಂದೇ ಸಾಲದು, ಅವುಗಳ ಕ್ರಮ ತಪ್ಪಿದರೆ ಒಂದು ಇನ್ನೊಂದನ್ನು ಕೆಡಿಸುತ್ತದೆ. ಮೊದಲು ಹಿಪ್ ಮತ್ತು ಉಷ್ಣೋಪಚಾರ, ಆಮೇಲೆ ಸಾಕಷ್ಟು ಆಳಕ್ಕೆ ಲೋಹ ತೆಗೆಯುವುದು, ಕಟ್ಟಕಡೆಗೆ ಪೀನಿಂಗ್ ಎಂಬ ಕ್ರಮಕ್ಕೆ ಕಾರಣ ಮೇಲಿನ ವಿವರಗಳಲ್ಲೇ ಇದೆ.

ಪ್ರಚಲಿತ ಅಭಿಪ್ರಾಯದ ಪರವಾದ ಅತ್ಯಂತ ಬಲವಾದ ವಾದ ವೆಚ್ಚದ್ದು. ಇಷ್ಟೆಲ್ಲ ಮಾಡಿದರೆ ಮುದ್ರಣದಿಂದಾದ ಉಳಿತಾಯ ಕರಗಿಹೋಗುತ್ತದೆ, ಸುರಕ್ಷತಾ ಗುಣಕವನ್ನು ತುಸು ಹೆಚ್ಚಿಸಿ ಭಾಗವನ್ನು ದಪ್ಪವಾಗಿ ಮುದ್ರಿಸಿಬಿಡುವುದೇ ಜಾಣತನ ಎನ್ನಲಾಗುತ್ತದೆ. ಹೊರೆ ಕಡಿಮೆಯಿರುವ, ಮುರಿದರೂ ಯಾರಿಗೂ ಹಾನಿಯಾಗದ ಮುಚ್ಚಳ ಹಿಡಿಕೆಗಳಿಗೆ ಈ ವಾದ ಸರಿ. ತೂಕ ಇಳಿಸಲೆಂದೇ ಮುದ್ರಣವನ್ನು ಆರಿಸಿಕೊಂಡು, ಮೈಯ ದೋಷಕ್ಕೆ ಅಂಜಿ ತೂಕ ಏರಿಸುವುದಾದರೆ ಹಾರುವ ಭಾಗವನ್ನು ಮುದ್ರಿಸುವ ಉದ್ದೇಶವೇ ಸೋಲುತ್ತದೆ. ಗುಣಕವಾದರೂ ತಿಳಿದ ಹರವಿಗೆ ಹಾಕುವಂಥದ್ದು, ಅಳೆಯದ ದೋಷಕ್ಕೆ ಎಷ್ಟು ಗುಣಕವೆಂದು ಯಾರೂ ಹೇಳಲಾರರು. ಭಾಗದ ಜೊತೆಯಲ್ಲೇ ಮುದ್ರಿಸಿದ ಪುಟ್ಟ ಮಾದರಿಕಡ್ಡಿಗಳ ದಣಿವಿನ ಪರೀಕ್ಷೆ ನಡೆದಿದೆಯೆಂಬ ಸಮಾಧಾನವೂ ನಿಲ್ಲುವುದಿಲ್ಲ. ಆ ಕಡ್ಡಿಗಳು ನೆಟ್ಟಗೆ ನಿಂತು ಮುದ್ರಣಗೊಂಡು, ಲೇತಿನಲ್ಲಿ ತಿರುವಿ ಕನ್ನಡಿಯಂತೆ ನಯಗೊಂಡು ಪರೀಕ್ಷೆಗೆ ಹೋಗುತ್ತವೆ. ಭಾಗದ ಓರೆಯಾದ ತಳಮೈಯಾಗಲಿ, ಉಪಕರಣ ತಲುಪದ ಒಳಕೊಳವೆಯ ಬಾಗಾಗಲಿ ಅವುಗಳಲ್ಲಿ ಇರುವುದೇ ಇಲ್ಲ. ಒಳಕೊಳವೆಗೆ ಗುಂಡು ಹೊಗುವುದಿಲ್ಲ, ಅಪಘರ್ಷಕ ಬೆರೆಸಿದ ಜಿಗುಟು ದ್ರವವನ್ನು ಒತ್ತಿ ಹರಿಸಿದರೆ ಬಾಗಿನ ಒಂದು ಮಗ್ಗುಲು ಹೆಚ್ಚು ಸವೆದು ಇನ್ನೊಂದು ಹಾಗೆಯೇ ಉಳಿಯುತ್ತದೆ. ಇಂಥ ಕಡೆ ಬಾಳಿಕೆ ಬೇಕಾದರೆ ಅದನ್ನು ನಕ್ಷೆ ಬರೆಯುವ ದಿನವೇ ಯೋಚಿಸಬೇಕು: ಯಾವ ಮೈ ಕೆಳಮುಖವಾಗದಂತೆ ಭಾಗವನ್ನು ನಿಲ್ಲಿಸಬೇಕು, ಎಲ್ಲಿ ಎಷ್ಟು ಹೆಚ್ಚುವರಿ ಲೋಹ ಬಿಡಬೇಕು, ಯಾವ ಮೈಗೆ ಕೈ ತಲುಪುವುದಿಲ್ಲವೋ ಅಲ್ಲಿ ಹೊರೆ ಬೀಳದಂತೆ ಹೇಗೆ ತಿರುಗಿಸಬೇಕು ಎಂಬುದೆಲ್ಲ ವಿನ್ಯಾಸಕಾರನ ಹೊಣೆ, ಪಾಲಿಶ್ ಮಾಡುವವನದಲ್ಲ.

ಕಾಲ ಹಿಡಿಯುತ್ತದೆಂಬ ಆಕ್ಷೇಪಕ್ಕೂ ಲೆಕ್ಕವಿದೆ. ಸೆಕೆಂಡಿಗೆ 30 ಆವರ್ತನದಂತೆ ಒಂದು ಕೋಟಿ ಆವರ್ತನಗಳಿಗೆ ನಾಲ್ಕು ದಿನ ಸಾಲುತ್ತದೆ. ನಿಜವಾದ ಭಾಗದ ಮೈಯನ್ನೇ, ನಿಜವಾದ ಸಂಸ್ಕರಣೆಯೊಂದಿಗೆ ಹೊತ್ತ 15 ಮಾದರಿಗಳನ್ನು ಒಂದೇ ಯಂತ್ರದಲ್ಲಿ ಸಾಲಾಗಿ ಓಡಿಸಿದರೂ ಎರಡು ತಿಂಗಳಲ್ಲಿ ಮುಗಿಯುತ್ತದೆ. ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಬಳಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆಯ ಆವರಣವಿದೆ, ಅಲ್ಲಿ ಶಿಕ್ಷಕರಿಗೆ ತರಬೇತಿ ಕೊಡುವ ಕೇಂದ್ರ ಆಗಲೇ ನಡೆಯುತ್ತಿದೆ, ಹಾರಾಟದ ಪರೀಕ್ಷಾ ವಲಯ ಅದೇ ತಾಲ್ಲೂಕಿನಲ್ಲಿದೆ. ದಣಿವಿನ ಪರೀಕ್ಷಾ ಯಂತ್ರಗಳ ಸಾಲೊಂದನ್ನು ಅಲ್ಲಿ ನಿಲ್ಲಿಸಿ, ನನ್ನಿವಾಳ, ನಾಯಕನಹಟ್ಟಿ, ಮೊಳಕಾಲ್ಮೂರು ಕಡೆಯ ಐಟಿಐ ಕಲಿತ ಯುವಕ ಯುವತಿಯರನ್ನು ಅವುಗಳ ಮೇಲೆ ತರಬೇತುಗೊಳಿಸಿ, ಯಾವ ಮೈ, ಯಾವ ಸಂಸ್ಕರಣೆ, ಎಷ್ಟು ಆವರ್ತನಕ್ಕೆ ಮುರಿಯಿತು, ಬಿರುಕು ಎಲ್ಲಿ ಹುಟ್ಟಿತು ಎಂಬ ಮಾಹಿತಿಯನ್ನು ಎಲ್ಲ ತಯಾರಕರಿಗೂ ತೆರೆದಿಡಬೇಕು. ಆ ಮಾಹಿತಿ ಕೈಗೆ ಬರುವವರೆಗೆ ಸರಾಸರಿ ಒರಟುತನದ ಅಂಕಿಯನ್ನೋ ಪೀನಿಂಗ್‌ನ ಪ್ರಮಾಣಪತ್ರವನ್ನೋ ನಂಬಿ ಯಾವ ಮುದ್ರಿತ ಭಾಗವನ್ನೂ ಪುನರ್ಬಳಕೆಯ ವಾಹನದ ಹೊರೆ ಹೊರುವ ಜಾಗಕ್ಕೆ ಕೂರಿಸಬಾರದು.